ಓಡುವವರು ಯಾಕೆ ಓಡುತ್ತಾರೆ?

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಜಮಾ-ಖರ್ಚು ಬರೆಯುವ ಕೈ ನನ್ನದು. ಕಥೆ-ಕವನದ ತಂಟೆಗೆ ಹೋದವನಲ್ಲ. ನಮ್ಮ ಕೂಟದ ಸಂಪಾದಕ ಮಿತ್ರರು "ನಿನಗ ಗೊತ್ತಿದ್ದದ್ದನ್ನ ಬರಿಯಪಾ" ಎಂದು ಬೆನ್ನು ಹತ್ತಿದ್ದರಿಂದ ಈ ಲೇಖನ. ನನಗೆ ಗೊತ್ತಿದ್ದುದೆಂದರೆ ಸ್ವಾರಗೇಟದ ಬೆಳಗು ಮತ್ತು ಅಲ್ಲಿ ಓಡುವ ಜನ. ಆದರೆ ಬರೆಯಲು ನಿಜವಾದ ಕಾರಣ ಬೇರೆ ಇದೆ. ನನ್ನ ಸೋದರಮಾವ ಓಟ ಬಿಟ್ಟುಬಿಟ್ಟಿದ್ದರು. ಅವರು ಯಾಕೆ ಬಿಟ್ಟರು, ಉಳಿದವರು ಯಾಕೆ ಬಿಡುವುದಿಲ್ಲ, ಇದು ನನಗೆ ತಿಳಿಯಬೇಕಾಗಿತ್ತು.

ಮಾಮಾ ಬಸ್ ಡ್ರೈವರ್. ಹದಿನಾರು ವರ್ಷದಿಂದ ಸ್ಟೇರಿಂಗ್ ಮುಂದೆ ಕುಳಿತವರು. ಜತ್ತ ತಾಲೂಕಿನ ನಮ್ಮೂರಲ್ಲಿ ಹತ್ತನೆಯ ಇಯತ್ತೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ನಾನು ಪುಣೆಗೆ ಬಂದಾಗ ಇಳಿದದ್ದು ಅವರ ಮನೆಗೇ. ಕಳೆದ ವರ್ಷ ಅವರಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಬೇಕಾಯಿತು. ದಿನಾಲೂ ಅರ್ಧ ತಾಸು ನಡೆಯಿರಿ ಎಂದು ಡಾಕ್ಟರರು ಹೇಳಿದರು. ಕೆಲವು ತಿಂಗಳಾದ ಮೇಲೆ ತಪಾಸಣೆ ಮಾಡಿ, ನಿಧಾನಕ್ಕೆ ಓಡಿದರೂ ಅಡ್ಡಿಯಿಲ್ಲ ಎಂದರು. ಅತ್ತಿ ನನ್ನನ್ನು ಕರೆದು, "ಇವರೊಬ್ಬರ ಹೋದ್ರ ಚಾದಂಗಡಿ ಮುಟ್ಟಿ ತಿರುಗಿ ಬರ್ತಾರ. ನೀನೂ ಸಂಗಾಟ ಹೋಗು" ಅಂದಳು. ಆಗ ನಾನು ಎರಡು ವಿಷಯದಲ್ಲಿ ನಪಾಸಾಗಿ, ಕಾಲೇಜಿನ ಇಂಗ್ಲಿಷಿಗೆ ಹೆದರಿ, ಯಾರ ಮುಖವನ್ನೂ ನೋಡದೆ ಕೋಣೆಯಲ್ಲಿ ಕೂತಿರುತ್ತಿದ್ದೆ. ಹೀಗೆ ಒಬ್ಬರಿಗೆ ಎದೆಯ ಭಯ, ಇನ್ನೊಬ್ಬನಿಗೆ ಮುಖ ತೋರಿಸುವ ನಾಚಿಕೆ. ಇಬ್ಬರೂ ಬೆಳಿಗ್ಗೆ ಐದೂವರೆಗೆ ಬೀದಿಗೆ ಬಿದ್ದೆವು.

ಆ ಹೊತ್ತಿನ ಸ್ವಾರಗೇಟ ನೀವು ನೋಡಿರಬಹುದು. ಸೊಲ್ಲಾಪುರ, ವಿಜಯಪುರದ ಬಸ್ಸುಗಳು ನಿದ್ದೆಗಣ್ಣಿನ ಜನರನ್ನು ಗಂಟುಮೂಟೆ ಸಮೇತ ಇಳಿಸುತ್ತಿರುತ್ತವೆ. ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ನೆಹರೂ ಸ್ಟೇಡಿಯಂ, ಸಣಸ ಮೈದಾನ, ಸಾರಸಬಾಗ. ಅಲ್ಲಿ ಬೇರೆಯೇ ಒಂದು ಜಗತ್ತು ಎದ್ದಿರುತ್ತದೆ. ನಡೆಯುವವರು, ಓಡುವವರು, ಪರ್ವತಿಯ ೧೦೩ ಮೆಟ್ಟಿಲುಗಳನ್ನು ಹತ್ತಿ ಇಳಿಯುವವರು. ಇವರಲ್ಲಿ ಪದಕ ಗೆಲ್ಲುವವರು ಯಾರೂ ಇಲ್ಲ. ಬ್ಯಾಂಕಿನವರು, ಕಾಯಿಪಲ್ಲೆ ಮಾರುವವರು, ನಿವೃತ್ತ ಮಾಸ್ತರರು, ಪೊಲೀಸ್ ಭರ್ತಿಗೆ ತಯಾರಿ ನಡೆಸಿದ ಹುಡುಗ-ಹುಡುಗಿಯರು.

ಮೂರು ತಿಂಗಳು ಮಾಮಾ ತಪ್ಪದೆ ಬಂದರು. ಆಮೇಲೆ ಅವರ ಪಾಳಿ ಬದಲಾಗಿ ಬೆಳಿಗ್ಗೆ ಐದಕ್ಕೇ ಡ್ಯೂಟಿ ಹತ್ತಬೇಕಾಯಿತು. ಒಂದು ದಿನ ತಪ್ಪಿತು, ಎರಡು ದಿನ ತಪ್ಪಿತು, ಆಮೇಲೆ ಬೂಟು ಕಾಟಿನ ಕೆಳಗೆ ಹೋಯಿತು. ನಾನು ಕೇಳಿದರೆ, "ಲೇ ತಮ್ಮಾ, ಓಡಿ ಯಾವ ಊರು ಮುಟ್ಟಬೇಕಾಗೇತಿ?" ಎಂದು ನಕ್ಕುಬಿಟ್ಟರು. ನಗೆಯ ಮಾತಾದರೂ ನನ್ನಲ್ಲಿ ಉತ್ತರ ಇರಲಿಲ್ಲ.

ಅದಕ್ಕಾಗಿ ನಾನು ಮೈದಾನದ ಜನರನ್ನೇ ಕೇಳತೊಡಗಿದೆ. ಎಲ್ಲರಿಗೂ ಎರಡೇ ಪ್ರಶ್ನೆ. ಮೊದಲನೆಯ ದಿನ ಯಾಕೆ ಬಂದಿರಿ? ಈಗ ಯಾಕೆ ಬರುತ್ತೀರಿ? ಮೊದಲನೆಯದಕ್ಕೆ ಬಂದ ಉತ್ತರಗಳೆಲ್ಲ ನಾವು ಊಹಿಸುವಂಥವೇ: ಸಕ್ಕರೆ ಕಾಯಿಲೆ, ಬಿ.ಪಿ., ಹೊಟ್ಟೆ ಬಂತು, ಭರ್ತಿ ಇದೆ, ಅಣ್ಣ ನಲವತ್ತಕ್ಕೇ ಹೋಗಿಬಿಟ್ಟ. ಎರಡನೆಯದಕ್ಕೆ ಬಂದ ಉತ್ತರಗಳು ಮಾತ್ರ ಬೇರೆ ಜಾತಿಯವು. "ಬರದಿದ್ರ ಆ ಮಂದಿ ಕೇಳ್ತಾರ." "ಈ ಒಂದು ತಾಸು ನಂದು." "ಬರದ ದಿನ ಏನೋ ಮರತಂಗ ಆಗತೈತಿ." ಮೊದಲನೆಯ ದಿನದ ಕಾರಣವನ್ನೇ ಎರಡನೆಯ ಉತ್ತರವಾಗಿ ಕೊಟ್ಟವರು ನನಗೆ ತೀರ ಕಡಿಮೆ ಸಿಕ್ಕರು. ಆಗ ಹೊಳೆಯಿತು: ಓಟಕ್ಕೆ ತರುವ ಕಾರಣ ಬೇರೆ, ಓಟದಲ್ಲಿ ಉಳಿಸುವ ಕಾರಣ ಬೇರೆ. ನಮ್ಮ ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಮೂಲ ಬಂಡವಾಳ. ಒಂದೇ ಸಲ ಹಾಕುವುದು. ಎರಡನೆಯದು ದಿನದ ಗಲ್ಲಾ. ಗಲ್ಲಾ ತುಂಬದ ಅಂಗಡಿ ಬಂಡವಾಳವೊಂದರ ಮೇಲೆ ಎಷ್ಟು ದಿನ ನಡೆದೀತು?

ಇದಕ್ಕೆ ಒಂದು ಉದಾಹರಣೆ. ಯಾದಗಿರಿ ಕಡೆಯ ಒಬ್ಬ ತಾಯಿ ಅಲ್ಲಿಗೆ ಬರುತ್ತಾರೆ. ಮದುವೆಯಾದ ಹೊಸತರಲ್ಲಿ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವರು. ಮಗಳು ಇಲ್ಲಿಯೇ ಹುಟ್ಟಿ ಬೆಳೆದವಳು, ಪೊಲೀಸ್ ಭರ್ತಿಗೆ ತಯಾರಿ ಮಾಡುತ್ತಿದ್ದಳು. ಮಹಾರಾಷ್ಟ್ರದ ಭರ್ತಿಯಲ್ಲಿ ಗಂಡಸರಿಗೆ ೧೬೦೦ ಮೀಟರ್, ಹೆಂಗಸರಿಗೆ ೮೦೦ ಮೀಟರ್ ಓಟ ಇರುತ್ತದೆ. ಕತ್ತಲಲ್ಲಿ ಮಗಳನ್ನು ಒಬ್ಬಳನ್ನೇ ಕಳಿಸಬಾರದೆಂದು ಈ ತಾಯಿ ಕಾವಲಿಗೆ ಬಂದರು. ಕೂತರೆ ಚಳಿ ಎಂದು ನಡೆದರು. ಮಗಳು ಕಣ್ಮರೆಯಾಗುತ್ತಾಳೆಂದು ನಾಲ್ಕು ಹೆಜ್ಜೆ ಓಡಿದರು. ಈಗ ಮಗಳಿಗೆ ನೌಕರಿ ಸಿಕ್ಕು ಬೇರೆ ಊರಿಗೆ ಹೋಗಿದ್ದಾಳೆ. ತಾಯಿ ಮಾತ್ರ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಬೂಟು ಹಾಕಿ ಇನ್ನೂ ಬರುತ್ತಾರೆ. "ಈಗ್ಯಾಕ ಬರ್ತೀರಿ ಅವ್ವಾ?" ಎಂದರೆ, "ಮನ್ಯಾಗ ಎಲ್ಲಾರ ಕೆಲಸ ನಂದೇ ಅದ. ಇದೊಂದು ಯಾರ ಕೆಲಸಾನೂ ಅಲ್ಲ ನೋಡಪಾ" ಎಂದರು.

ಇದೆಲ್ಲ ಹಣವಂತರ ಹೊಸ ಹುಚ್ಚು ಎನ್ನುವ ಗೆಳೆಯರಿದ್ದಾರೆ. ಹಾಗೇನೂ ಇಲ್ಲ. ಸ್ವಾರಗೇಟದಿಂದ ನಾಲ್ಕೈದು ಕಿಲೋಮೀಟರಿನಲ್ಲಿರುವ ಡೆಕ್ಕನ್ ಜಿಮಖಾನಾದಲ್ಲಿ ೧೯೧೯ರಲ್ಲಿ ಕ್ರೀಡೋತ್ಸವ ನಡೆಯಿತು. ಅದರ ಅಧ್ಯಕ್ಷರು ದೊರಾಬ್ಜಿ ಟಾಟಾ. ಓಡಲು ಬಂದವರು ಹೊಲದಲ್ಲಿ ದುಡಿಯುವ ರೈತರ ಹುಡುಗರು. ಓಟದ ನಿಯಮ ಗೊತ್ತಿಲ್ಲ, ತರಬೇತಿ ಇಲ್ಲ, ಕಾಲಲ್ಲಿ ಬೂಟಿಲ್ಲ. ಆದರೂ ದೂರದ ಓಟದಲ್ಲಿ ಅವರ ದಮ್ಮು ಕಂಡು ಟಾಟಾ ಬೆರಗಾದರು. ಅದರ ಫಲವಾಗಿ ೧೯೨೦ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದಿಂದ ನಾಲ್ವರು ಓಟಗಾರರೂ ಇಬ್ಬರು ಕುಸ್ತಿಪಟುಗಳೂ ಹೋದರು. ಅವರಲ್ಲಿ ಒಬ್ಬರು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಆ ವರ್ಷದ ಮ್ಯಾರಥಾನ್ ೪೨.೭೫ ಕಿಲೋಮೀಟರ್. ಚೌಗುಲೆಯವರು ಅದನ್ನು ೨ ಗಂಟೆ ೫೦ ನಿಮಿಷ ಚಿಲ್ಲರೆಯಲ್ಲಿ ಮುಗಿಸಿ ೧೯ನೆಯವರಾಗಿ ಬಂದರು. ಹಾಗೆ ನೋಡಿದರೆ ಪುಣೆಯಲ್ಲಿ ದೂರದ ಓಟ ಶುರುವಾದದ್ದೇ ಸಾಮಾನ್ಯರ ಕಾಲಿನಿಂದ.

ಗೆಲ್ಲುವ ಆಸೆಯಿಲ್ಲದೆ ಆರೋಗ್ಯಕ್ಕಾಗಿ ಓಡುವ ಪದ್ಧತಿ ಹಬ್ಬಿದ್ದು ಮಾತ್ರ ಇತ್ತೀಚೆಗೆ. ನ್ಯೂಝೀಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ೧೯೬೦ರ ದಶಕದ ಆರಂಭದಲ್ಲಿ ಆಕ್ಲಂಡಿನಲ್ಲಿ ಹೃದಯರೋಗಿಗಳನ್ನೂ ಸೇರಿಸಿಕೊಂಡು ನಿಧಾನದ ಓಟ ಕಲಿಸಿದರು. ಅಮೆರಿಕದ ಬಿಲ್ ಬೋವರ್‌ಮನ್ ೧೯೬೨ರಲ್ಲಿ ಅಲ್ಲಿಗೆ ಹೋದಾಗ, ಹೃದಯಾಘಾತವಾಗಿದ್ದ, ಎಪ್ಪತ್ತು ದಾಟಿದ ಮುದುಕರೊಬ್ಬರ ಸಂಗಡ ಓಡಲಾಗದೆ ಹಿಂದೆ ಬಿದ್ದರಂತೆ. ಊರಿಗೆ ಮರಳಿ ಅವರು ಬರೆದ 'ಜಾಗಿಂಗ್' ಎಂಬ ಪುಸ್ತಕ ೧೯೬೭ರಲ್ಲಿ ಬಂದು ಆ ಶಬ್ದವನ್ನೇ ಮನೆಮಾತಾಗಿಸಿತು. ನಮ್ಮ ಪುಣೆ ಅಂತರರಾಷ್ಟ್ರೀಯ ಮ್ಯಾರಥಾನ್ ಶುರುವಾದದ್ದು ೧೯೮೩ರಲ್ಲಿ. ಈಚಿನ ವರ್ಷಗಳಲ್ಲಿ ಅದು ಸಣಸ ಮೈದಾನದ ಹತ್ತಿರದಿಂದಲೇ ಹೊರಟಿದೆ.

ಇನ್ನು ಓಟದಿಂದ ಲಾಭವೇನು? ಬಸ್ ಡ್ರೈವರರ ಅಳಿಯನಾದ ನನಗೆ ಒಂದು ಅಧ್ಯಯನ ಬಹಳ ಹಿಡಿಸಿತು. ಲಂಡನ್ನಿನ ಜೆರಿ ಮಾರಿಸ್ ಎಂಬ ವೈದ್ಯರು ೧೯೫೩ರಲ್ಲಿ ಪ್ರಕಟಿಸಿದ್ದು. ಆಗ ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಡ್ರೈವರ್ ದಿನವಿಡೀ ಕೂತಿರುತ್ತಿದ್ದ. ಕಂಡಕ್ಟರ್ ದಿನಕ್ಕೆ ಸುಮಾರು ಆರು ನೂರು ಮೆಟ್ಟಿಲು ಹತ್ತುತ್ತಿದ್ದ. ಬಸ್ಸು ಒಂದೇ, ಊರು ಒಂದೇ. ಆದರೆ ಹೃದಯಾಘಾತ ಡ್ರೈವರರಲ್ಲಿ ಹೆಚ್ಚು, ಕಂಡಕ್ಟರರಲ್ಲಿ ಕಡಿಮೆ ಕಂಡಿತು. ಡ್ರೈವರರು ಮೊದಲೇ ದಪ್ಪಗಿದ್ದವರೇನೋ ಎಂಬ ಸಂಶಯದಿಂದ ಮಾರಿಸ್ ಅವರು ಸಮವಸ್ತ್ರದ ಪ್ಯಾಂಟಿನ ಅಳತೆಗಳನ್ನೂ ತೆಗೆಸಿ ನೋಡಿದರು. ಡ್ರೈವರರ ಸೊಂಟ ದೊಡ್ಡದಿದ್ದುದು ಹೌದು. ಆದರೆ ದಪ್ಪಗಿದ್ದ ಕಂಡಕ್ಟರರಿಗೂ ರಕ್ಷಣೆ ಉಳಿದೇ ಇತ್ತು. ಇದನ್ನು ಹೇಳಿದಾಗ ಮಾಮಾ, "ಹಂಗಾದ್ರ ನಾ ಕಂಡಕ್ಟರ ಆಗಬೇಕಿತ್ತು" ಎಂದರೇ ಹೊರತು ಬೂಟು ಹೊರಗೆ ತೆಗೆಯಲಿಲ್ಲ. ಲಾಭ ಗೊತ್ತಿದ್ದ ಮಾತ್ರಕ್ಕೆ ಮನುಷ್ಯ ಮಾಡುತ್ತಾನೆಂಬುದು ಸುಳ್ಳು.

ಹೊಸಬರು ಬಿಡುವುದಕ್ಕೆ ದೇಹದ ಕಡೆಯಿಂದಲೂ ಒಂದು ಕಾರಣವಿದೆ. ಮೊದಲ ವಾರಗಳಲ್ಲಿ ತೇಕು ಹತ್ತುತ್ತದೆ. ತಿಂಗಳೊಪ್ಪತ್ತಿನಲ್ಲಿ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕಲು ಕಲಿಯುತ್ತದೆ, ಮಾಂಸಖಂಡಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಉಸಿರು ಹಗುರಾಗುತ್ತದೆ. ಆಗ ಮನುಷ್ಯನಿಗೆ ಉಮೇದು ಬಂದು ಜೋರಾಗಿ ಓಡುತ್ತಾನೆ. ಆದರೆ ಎಲುಬು, ಮತ್ತು ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹುರಿಗಳು ಗಟ್ಟಿಯಾಗಲು ಇನ್ನೂ ಹೆಚ್ಚು ಕಾಲ ಬೇಕು. ಆದಾಯ ಬಂತೆಂದು ಸಾಲ ತೀರುವ ಮೊದಲೇ ಖರ್ಚು ಏರಿಸಿದ ಅಂಗಡಿಕಾರನಂತೆ ಇವನ ಗತಿ. ಮೊಣಕಾಲು, ನಳಿಗಾಲು ನೋಯುತ್ತವೆ. ಓಟ ನನಗಾಗದು ಎಂದು ಕೈಬಿಡುತ್ತಾನೆ. ಉಳಿದವರನ್ನು ನೋಡಿ: ಮಾತಾಡುತ್ತ ಓಡುತ್ತಾರೆ. ಮಾತು ನಿಲ್ಲುವಷ್ಟು ಜೋರು ಬೇಡ ಎಂಬುದೇ ಹೊಸಬರಿಗೆ ಸರಿಯಾದ ಅಳತೆ. (ಹೃದಯದ ತೊಂದರೆ ಇದ್ದವರು ಡಾಕ್ಟರರನ್ನು ಕೇಳದೆ ಓಟಕ್ಕೆ ಇಳಿಯಬಾರದು.)

ಓಡಿದರೆ ಒಂದು ಬಗೆಯ ಅಮಲು ಬರುತ್ತದೆ ಎನ್ನುತ್ತಾರಲ್ಲ, ಅದು ಸುಳ್ಳಲ್ಲ. ದೂರದ ಓಟದಲ್ಲಿ ನಮ್ಮ ದೇಹವೇ ಗಾಂಜಾದ ಗುಣವುಳ್ಳ ಕೆಲವು ದ್ರವ್ಯಗಳನ್ನು ತಯಾರಿಸುತ್ತದೆಂದು ಈಚಿನ ಸಂಶೋಧನೆ ಹೇಳುತ್ತದೆ. ಆದರೆ ಅದು ದಿನಾಲೂ ಬರುವುದಿಲ್ಲ, ಹೊಸಬರಿಗಂತೂ ಅಪರೂಪ. ಅದನ್ನೇ ನಂಬಿ ಕೂತರೆ ಲಾಟರಿ ನಂಬಿ ಸಂಸಾರ ಮಾಡಿದಂತೆ.

ನನಗೆ ದಾರಿ ತೋರಿಸಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇನ್ನೊಂದು ಅಧ್ಯಯನ, ೨೦೧೦ರದ್ದು. ೯೬ ಜನರಿಗೆ ದಿನಾಲೂ ಒಂದು ಹೊಸ ಸಣ್ಣ ಕೆಲಸ ಮಾಡಲು ಹೇಳಿ, ಅದು ಯಾವಾಗ ತಾನಾಗಿಯೇ ಆಗುವ ರೂಢಿಯಾಗುತ್ತದೆಂದು ನೋಡಿದರು. ನಡುವಿನ ಲೆಕ್ಕ ೬೬ ದಿನ. ಕೆಲವರಿಗೆ ೧೮ ದಿನ ಸಾಕಾಯಿತು. ೨೫೪ ದಿನ ಬೇಕಾದೀತೆಂಬ ಲೆಕ್ಕ ಬಂದವರೂ ಇದ್ದರು. ಅಲ್ಲಿ ಎರಡು ಮಾತು ಮುಖ್ಯ. ಒಂದು, ಕೆಲಸವನ್ನು ದಿನಾಲೂ ನಡೆಯುವ ಇನ್ನೊಂದು ಸಂಗತಿಗೆ ಗಂಟು ಹಾಕಬೇಕು, ಉದಾಹರಣೆಗೆ ಊಟವಾದ ಮೇಲೆ, ಚಹಾ ಆದ ಮೇಲೆ. ಎರಡು, ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ.

ಈಗ ಮಾಮಾರ ಲೆಕ್ಕ ನನಗೆ ಸ್ಪಷ್ಟವಾಯಿತು. ಅವರ ಮನಸ್ಸು ಸೋತಿರಲಿಲ್ಲ; ಹೊತ್ತು ತಪ್ಪಿತ್ತು, ಸಂಗಾತಿ ತಪ್ಪಿದ್ದ. ಐದೂವರೆಯ ಮಂದಿ ಅವರನ್ನು ಕೇಳುತ್ತಿದ್ದರು, ಆದರೆ ಕೇಳಿದ್ದು ಅವರಿಗೆ ಮುಟ್ಟುತ್ತಿರಲಿಲ್ಲ. ತಪ್ಪಿದ ಎರಡು ದಿನಗಳನ್ನು ಅವರು ದಿವಾಳಿ ಎಂದು ತಿಳಿದುಬಿಟ್ಟಿದ್ದರು. ನನ್ನದೂ ತಪ್ಪಿತ್ತು. ನನಗೆ ಆ ಹೊತ್ತಿಗೆ ಜೊತೆಗಾರರು ಸಿಕ್ಕಿದ್ದರು, ನಪಾಸಾದ ಎರಡು ಪೇಪರೂ ಮುಗಿದಿದ್ದವು. ನಾನು ನನ್ನ ಓಟ ಓಡಿಕೊಂಡು ಮನೆಗೆ ಬಂದು ಅವರಿಗೆ ಬುದ್ಧಿ ಹೇಳುತ್ತಿದ್ದೆ. ನಾಲ್ಕು ಮಂದಿಯ ಮುಂದೆ ಹೋಗಲು ಹೆದರುತ್ತಿದ್ದವನನ್ನು ಬೀದಿಗೆ ಕರೆದೊಯ್ದವರು ಅವರೇ ಎಂಬುದನ್ನು ಮರೆತಿದ್ದೆ.

ಮಾಮಾ ಈಗ ಮಧ್ಯಾಹ್ನ ಎರಡಕ್ಕೆ ಡ್ಯೂಟಿ ಇಳಿಯುತ್ತಾರೆ. ಸಂಜೆ ಐದೂವರೆಗೆ ಅತ್ತಿ ಚಹಾ ಮಾಡುತ್ತಾಳೆ. ಅದು ಎಂದೂ ತಪ್ಪುವುದಿಲ್ಲ. ಆ ಚಹಾದ ಕಪ್ಪಿಗೇ ನಾನು ಓಟವನ್ನು ಗಂಟು ಹಾಕಿದೆ. ಕಪ್ಪು ಕೆಳಗಿಟ್ಟ ಕೂಡಲೇ ನಾನು ಬೂಟು ಹಾಕಿ ಬಾಗಿಲಲ್ಲಿ ನಿಲ್ಲುತ್ತೇನೆ, ಬಾಯಿ ತೆರೆಯುವುದಿಲ್ಲ. ಮೊದಲ ದಿನ ಅವರು, "ಹದಿನೈದ ಮಿನಿಟು ಅಷ್ಟ" ಎಂದು ಎದ್ದರು. ಸಾರಸಬಾಗದ ಹೊರಗಿನ ದಾರಿಯಲ್ಲಿ ಸ್ವಲ್ಪ ನಡೆದು, ಸ್ವಲ್ಪ ಓಡಿ ಬಂದೆವು. ಲಾಗ್‌ಶೀಟ್ ಬರೆದು ರೂಢಿಯಾದ ಕೈ ಅವರದು. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಪಕ್ಕ ಎಷ್ಟು ನಿಮಿಷ ಎಂದು ತಾವೇ ಬರೆಯುತ್ತಾರೆ.

ಇವತ್ತಿಗೆ ೨೩ ದಿನವಾಯಿತು. ನಡುವೆ ಮೂರು ದಿನ ತಪ್ಪಿದೆ. ಅರವತ್ತಾರಕ್ಕೆ ಇನ್ನೂ ದೂರವಿದೆ, ಅವರ ಪಾಳಿ ಮತ್ತೆ ಬದಲಾದೀತು, ನನ್ನ ಪರೀಕ್ಷೆಯೂ ಬಂದೀತು. ಆದರೆ ನಿನ್ನೆ ನಾನು ಗ್ರಂಥಾಲಯದಿಂದ ಬರುವುದು ತಡವಾಯಿತು. ಬಾಗಿಲಿಗೆ ಬಂದರೆ ಮಾಮಾ ಬೂಟು ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು. "ಎಲ್ಲಿ ಸತ್ತಿದ್ದಿ? ಚಾ ಆರಿ ಹೋತು" ಅಂದರು.