ಸೀಳುತುಟಿ ಹೊಲಿದಾಯ್ತು, ಮೇಲ್ದವಡೆಯ ಲೆಕ್ಕ ಯಾರದು?

ಸೀಳುತುಟಿ ಅಂದ ಕೂಡಲೇ ಕಣ್ಣ ಮುಂದೆ ಬರೋದು ಎರಡು ಫೋಟೋ. ಒಂದು ಆಪರೇಷನ್‌ಗೆ ಮುಂಚಿನದು, ಇನ್ನೊಂದು ಆದಮೇಲಿನದು. ಶಿಬಿರದ ಬ್ಯಾನರ್‌ನಲ್ಲಿ, ದೇಣಿಗೆ ಕೇಳುವ ಜಾಹೀರಾತಿನಲ್ಲಿ ಅದೇ ಜೋಡಿ. ಮಿರ್ಜಾಪುರದ ಬಡ ಹುಡುಗಿಯೊಬ್ಬಳ ತುಟಿ ಆಪರೇಷನ್ ಕುರಿತ ‘ಸ್ಮೈಲ್ ಪಿಂಕಿ’ ಸಾಕ್ಷ್ಯಚಿತ್ರಕ್ಕೆ 2009ರಲ್ಲಿ ಆಸ್ಕರ್ ಬಂತು. ಇದಕ್ಕೆ ಚಿಕಿತ್ಸೆ ಇದೆ, ಅದು ಪುಕ್ಕಟೆ ಸಿಗುತ್ತೆ ಅನ್ನೋ ಸುದ್ದಿ ಎಷ್ಟೋ ಮನೆಗಳಿಗೆ ತಲುಪಿತು. ಅದರಲ್ಲಿ ನನಗೆ ತಕರಾರಿಲ್ಲ. ತಕರಾರು ಇರೋದು, ಎರಡನೇ ಫೋಟೋ ತೆಗೆದ ದಿನವೇ ಕಥೆ ಮುಗಿಯಿತು ಅಂತ ನಾವೆಲ್ಲ ನಂಬಿಬಿಟ್ಟಿರೋದರಲ್ಲಿ. ಆ ಮಗುವಿನ ಮೇಲ್ದವಡೆ ಅಲ್ಲಿಂದ ಇನ್ನೂ ಹದಿನೈದು ವರ್ಷ ಬೆಳೆಯಬೇಕು. ಬೆಳೆಯುತ್ತಾ ಇಲ್ಲವಾ ಅಂತ ನೋಡೋರು ಯಾರು?

ಮೊದಲು ದವಡೆ ಬೆಳೆಯುವ ರೀತಿ ನೋಡೋಣ. ಕೆಳದವಡೆ ನೋಡಲು ಒಂದೇ ಮೂಳೆ. ಮೇಲ್ದವಡೆ ಹಾಗಲ್ಲ. ಎಡಕ್ಕೊಂದು, ಬಲಕ್ಕೊಂದು ಮೂಳೆ, ನಡುವೆ ಅಂಗುಳದ ಉದ್ದಕ್ಕೂ ಒಂದು ಬೆಸುಗೆಗೆರೆ. ಕೆನ್ನೆಯ ಮೂಳೆ, ಮೂಗಿನ ಮೂಳೆ, ತಲೆಬುರುಡೆಯ ಜೊತೆಗೂ ಇಂಥವೇ ಕೂಡುಗೆರೆಗಳು. ಎಂಜಿನಿಯರಿಂಗ್ ಓದಿದವನಿಗೆ ಸೇತುವೆಯಲ್ಲಿ ಬಿಡುವ ಸಂದುಗಳು ನೆನಪಾಗುತ್ತವೆ. ಆದರೆ ಇಲ್ಲಿ ಸಂದು ಸುಮ್ಮನೆ ಜಾಗ ಬಿಟ್ಟುಕೊಡೋದಿಲ್ಲ, ಅಲ್ಲೇ ಹೊಸ ಮೂಳೆ ಕೂಡಿಕೊಳ್ಳುತ್ತೆ. ಹೀಗೆ ಮೇಲ್ದವಡೆ ತಲೆಬುರುಡೆಯ ಕೆಳಗಿನಿಂದ ಮುಂದಕ್ಕೂ ಕೆಳಕ್ಕೂ ಜಾರುತ್ತಾ ಬರುತ್ತೆ. ಹರೆಯ ದಾಟುವಾಗ ನಡುವಿನ ಗೆರೆ ಹಲ್ಲುಹಲ್ಲಾಗಿ ಕಚ್ಚಿಕೊಂಡು ಬಿಗಿಯಾಗುತ್ತೆ. ಅಂಗುಳ ಕಿರಿದಾಗಿರೋ ಮಕ್ಕಳಿಗೆ ಏಳೆಂಟರಿಂದ ಹನ್ನೆರಡು-ಹದಿಮೂರರೊಳಗೆ ಅಗಲಿಸುವ ತಿರುಪಿನ ಸಾಧನ ಹಾಕೋದು ಇದಕ್ಕೇ. ಇಪ್ಪತ್ತೆರಡರ ಹುಡುಗರು ರೀಲ್ಸ್ ನೋಡಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿಕೊಂಡು ದವಡೆ ತಿದ್ದಿಕೊಳ್ಳಲು ಕೂರ್ತಾರಲ್ಲ, ಆ ‘ಮ್ಯೂಯಿಂಗ್’ಗೆ ಗಟ್ಟಿಯಾದ ಪುರಾವೆ ಇಲ್ಲ.

ಸೀಳು ಆಗೋದು ಗರ್ಭದ ಮೊದಲ ಮೂರು ತಿಂಗಳಲ್ಲಿ. ಮುಖದ ಎರಡು ಬದಿಯ ಭಾಗಗಳು ಬಂದು ಸೇರಬೇಕಾದ ಹೊತ್ತಿಗೆ ಸೇರೋದಿಲ್ಲ. ತುಟಿಯ ಕೆಲಸ ಸುಮಾರು ಏಳನೇ ವಾರಕ್ಕೆ ಮುಗಿಯುತ್ತೆ, ಅಂಗುಳದ್ದು ಹನ್ನೆರಡನೇ ವಾರದ ಹೊತ್ತಿಗೆ. ಎಷ್ಟೋ ಹೆಂಗಸರಿಗೆ ಬಸುರಾಗಿರೋದು ಖಾತ್ರಿಯಾಗುವ ಮುಂಚೆಯೇ ತುಟಿ ತಯಾರಾಗಿರುತ್ತೆ. ಹೀಗಿದ್ದೂ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ, ‘ಗ್ರಹಣದಾಗ ಹೊರಗ ಬಂದಿದ್ದೇನವಾ? ಈಳಿಗಿ ಹಿಡಿದಿದ್ದೇನು?’ 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ವಾಸಿಯಾಗಲಿ ಅಂತ ಕುತ್ತಿಗೆಮಟ ಮಣ್ಣಲ್ಲಿ ಹೂತಿದ್ದು ನೆನಪಿರಬಹುದು. ಗ್ರಹಣ ತಂದ ರೋಗ, ಗ್ರಹಣವೇ ಕಳೆಯಬೇಕು. ತಪ್ಪು ಮಾತ್ರ ತಾಯಿಯದು.

ನಿಜವಾದ ಕಾರಣ ಒಂದೇ ಅಲ್ಲ. ಹಲವು ಜೀನ್‌ಗಳ ಜೊತೆಗೆ ಫೋಲಿಕ್ ಆಮ್ಲದ ಕೊರತೆ, ತಂಬಾಕು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮೂರ್ಛೆರೋಗದ ಕೆಲವು ಔಷಧಿ ಸೇರಿಕೊಳ್ಳುತ್ತವೆ. ರಕ್ತಸಂಬಂಧದ ಮದುವೆಯೂ ಅಪಾಯವನ್ನು ಒಂದಿಷ್ಟು ಹೆಚ್ಚಿಸುತ್ತೆ ಅಂತ ಹಲವು ಅಧ್ಯಯನಗಳು ಹೇಳಿವೆ. ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ಸಂಬಂಧದೊಳಗಿನದು. ಆದರೆ ಸೋದರಮಾವನನ್ನು ಮದುವೆಯಾಗದ ತಾಯಂದಿರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ಹಾಗಾಗಿ ಇದನ್ನೂ ಗ್ರಹಣದ ಥರ ಬೆರಳು ತೋರಿಸೋ ಸಾಧನ ಮಾಡಿಕೊಳ್ಳೋದು ಬೇಡ.

ಈಗ ಕಷ್ಟದ ಸಂಗತಿಗೆ ಬರೋಣ. ಸೀಳಿದ ಅಂಗುಳವನ್ನು ಮುಚ್ಚಲು ಅದರ ಅಕ್ಕಪಕ್ಕದ ಚರ್ಮದಂಥ ಪದರವನ್ನೇ ಎಬ್ಬಿಸಿ ನಡುವೆ ಎಳೆದು ಹೊಲಿಯುತ್ತಾರೆ. ಗಾಯ ಮಾಯುವಾಗ ಕಲೆ ಬಿಗಿಯುತ್ತೆ. ಬೆಳೆಯಬೇಕಾದ ಮೂಳೆಯನ್ನು ಆ ಕಲೆ ಹಿಡಿದು ನಿಲ್ಲಿಸುತ್ತೆ. ಹತ್ತು ವರ್ಷದ ಹೊತ್ತಿಗೆ ಮೇಲ್ದವಡೆ ಹಿಂದೆ ಉಳಿದು, ತನ್ನ ಪಾಡಿಗೆ ಬೆಳೆದ ಕೆಳದವಡೆ ಮುಂದೆ ಚಾಚಿದ ಹಾಗೆ ಕಾಣುತ್ತೆ. ಮೇಲಿನ ಹಲ್ಲು ಕೆಳಗಿನ ಹಲ್ಲಿನ ಹಿಂದೆ ಕೂರುತ್ತೆ, ಅಗಿಯೋದು ಕಷ್ಟ, ಉಚ್ಚಾರ ಕೆಡುತ್ತೆ. ಶಾಲೆಯಲ್ಲಿ ಅಡ್ಡಹೆಸರು ಬೀಳುತ್ತೆ.

ಇದು ಸೀಳಿನ ತಪ್ಪೋ ಹೊಲಿಗೆಯ ತಪ್ಪೋ? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಪಕ್ಕದ ಶ್ರೀಲಂಕಾದಲ್ಲಿ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ಮೈಕಲ್ ಮಾರ್ಸ್ ಮತ್ತು ತಂಡ 1984ರಿಂದ ಅಲ್ಲಿ ಕೆಲಸ ಮಾಡಿತು. ಆಪರೇಷನ್ನೇ ಆಗದೆ ದೊಡ್ಡವರಾದ ಸೀಳು ಅಂಗುಳದ ಜನ ಅಲ್ಲಿದ್ದರು. ಬಡತನದ ದೆಸೆಯಿಂದ, ಚಿಕಿತ್ಸೆ ಸಿಗದೆ. ಅವರ ಮುಖ ಅಳೆದಾಗ ಮೇಲ್ದವಡೆ ಬಹುಪಾಲು ಸಹಜವಾಗಿಯೇ ಮುಂದಕ್ಕೆ ಬೆಳೆದಿತ್ತು. ಚಿಕ್ಕಂದಿನಲ್ಲಿ ಹೊಲಿಸಿಕೊಂಡವರಲ್ಲಿ ಅದು ಹಿಂದೆ ಬಿದ್ದಿತ್ತು. ಹಾಗಾದರೆ ಆಪರೇಷನ್ ತಡಮಾಡೋಣ ಅನ್ನುವ ಹಾಗೂ ಇಲ್ಲ. ಅಂಗುಳ ಮುಚ್ಚದಿದ್ದರೆ ಗಾಳಿ ಮೂಗಿನಿಂದ ಸೋರಿ ಮಾತು ಅರ್ಥವೇ ಆಗೋದಿಲ್ಲ. ಆ ಶ್ರೀಲಂಕಾದವರ ದವಡೆ ನೆಟ್ಟಗಿತ್ತು, ಮಾತು ಹಾಳಾಗಿತ್ತು. 2023ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಪ್ರಯೋಗದಲ್ಲಿ 6 ತಿಂಗಳಿಗೆ ಹೊಲಿಸಿಕೊಂಡ ಮಕ್ಕಳಲ್ಲಿ 5ನೇ ವಯಸ್ಸಿಗೆ ಹೀಗೆ ಗಾಳಿ ಸೋರುವ ತೊಂದರೆ 8.9% ಇತ್ತು, 12 ತಿಂಗಳಿಗೆ ಹೊಲಿಸಿಕೊಂಡವರಲ್ಲಿ 15%. ಮಾತಿಗಾಗಿ ಬೇಗ, ದವಡೆಗಾಗಿ ತಡ. ವೈದ್ಯರು ಮಾತನ್ನು ಆರಿಸಿಕೊಳ್ಳುತ್ತಾರೆ, ಅದು ಸರಿ. ಆದರೆ ಹಾಗೆ ಆರಿಸಿಕೊಂಡ ಮೇಲೆ ದವಡೆಯ ಸಾಲವನ್ನು ಮುಂದೆ ತೀರಿಸಲೇಬೇಕು.

ತೀರಿಸುವ ದಾರಿ ಇದೆ, ಅದಕ್ಕೆ ಕಾಲವೂ ಗೊತ್ತಾಗಿದೆ. ಮೂರರಿಂದ ಆರು ತಿಂಗಳಲ್ಲಿ ತುಟಿ, ಒಂದೂವರೆ ವರ್ಷದೊಳಗೆ ಅಂಗುಳ, ಆಮೇಲೆ ಮಾತಿನ ತರಬೇತಿ. ಏಳರಿಂದ ಹತ್ತರ ನಡುವೆ ಅಂಗುಳ ಅಗಲಿಸೋದು. ಬೇಕಿದ್ದರೆ ಹಣೆ-ಗದ್ದಕ್ಕೆ ಆನಿಸಿದ ಫೇಸ್‌ಮಾಸ್ಕ್ ದಿನಕ್ಕೆ 12-14 ತಾಸು ಹಾಕಿ ಮೇಲ್ದವಡೆಯನ್ನು ಮುಂದಕ್ಕೆ ಎಳೆಯೋದು. ಎಂಟರಿಂದ ಹನ್ನೊಂದರೊಳಗೆ, ಕೋರೆಹಲ್ಲು ಇಳಿಯುವ ಮುಂಚೆ, ಸೊಂಟದ ಮೂಳೆಯ ಚೂರು ತೆಗೆದು ಒಸಡಿನ ಸೀಳಿಗೆ ತುಂಬೋದು. ಈ ಮೂಳೆ ತುಂಬುವ ಗಡುವು ತಪ್ಪಿದರೆ ಕೋರೆಹಲ್ಲಿಗೆ ಇಳಿಯಲು ನೆಲೆಯೇ ಇರೋದಿಲ್ಲ, ಆಮೇಲೆ ಮಾಡಿದ್ದು ಅಷ್ಟು ಚೆನ್ನಾಗಿ ಹಿಡಿಯೋದೂ ಇಲ್ಲ. ಮುಂದೆ ಹಲ್ಲಿಗೆ ತಂತಿ. ಇಷ್ಟಾದರೂ ತುಟಿ-ಅಂಗುಳ ಎರಡೂ ಪೂರ್ತಿ ಸೀಳಿದವರಲ್ಲಿ ಕಡಿಮೆಯೆಂದರೂ ನಾಲ್ವರಲ್ಲಿ ಒಬ್ಬರಿಗೆ ಬೆಳವಣಿಗೆ ನಿಂತ ಮೇಲೆ ಮೇಲ್ದವಡೆಯನ್ನು ಕತ್ತರಿಸಿ ಮುಂದಕ್ಕೆ ಕೂರಿಸುವ ದೊಡ್ಡ ಆಪರೇಷನ್ ಬೇಕಾಗುತ್ತೆ.

ಇದನ್ನು ಬಾಗಲಕೋಟೆ ಜಿಲ್ಲೆಯ ಗಲಗಲಿಗೆ ತಂದು ನೋಡಿ. ಕೃಷ್ಣೆಯ ದಂಡೆಯ ಊರು, ಸುತ್ತ ಕಬ್ಬು. ಇಂಥ ಮಕ್ಕಳಿಗೆ ಎಲ್ಲ ಹಂತದ ಚಿಕಿತ್ಸೆ ಒಂದೇ ಕಡೆ ಬೇಕೆಂದರೆ ಈ ಭಾಗದಲ್ಲಿ ನೆನಪಾಗೋದು ಧಾರವಾಡದ ಸತ್ತೂರಿನ ಎಸ್‌ಡಿಎಂ, ನೂರು ಕಿಲೋಮೀಟರಿಗೂ ಹೆಚ್ಚು ದೂರ. ತಂತಿ ಬಿಗಿಸಲು ತಿಂಗಳಿಗೊಮ್ಮೆಯಂತೆ ಒಂದೂವರೆ ವರ್ಷ ಅಂದರೂ 18 ಸಲ ಹೋಗಿಬರಬೇಕು. ಪ್ರತಿ ಸಲ ಎರಡು ಟಿಕೆಟ್, ಅವ್ವನ ಒಂದು ದಿನದ ಪಗಾರ, ಮಗುವಿನ ಒಂದು ದಿನದ ಶಾಲೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಬಿದ್ದರೆ ಮುಗಿದೇ ಹೋಯ್ತು. ಆಪರೇಷನ್ ಪುಕ್ಕಟೆ ಇರಬಹುದು, ಈ 18 ದಿನ ಪುಕ್ಕಟೆ ಅಲ್ಲ. ಮೇಲಾಗಿ ತುಟಿ ಕೂಡಿದ ಮಗು ನೋಡೋಕೆ ಚೆನ್ನಾಗೇ ಇರುತ್ತೆ, ಯಾಕೆ ಹೋಗಬೇಕು ಅಂತ ಮನೆಯಲ್ಲಿ ಯಾರಿಗೂ ಅನ್ನಿಸೋದಿಲ್ಲ. ಹುಡುಗಿಯಾದರೆ ಮದುವೆ ಮಾತು ಎದ್ದಾಗ ನೆನಪಾಗುತ್ತೆ. ಅಷ್ಟೊತ್ತಿಗೆ ಮೂಳೆ ತುಂಬುವ ಕಾಲ, ಫೇಸ್‌ಮಾಸ್ಕ್ ಕಾಲ ಎರಡೂ ದಾಟಿರುತ್ತೆ.

ಕೇಂದ್ರ ಸರ್ಕಾರ 2013ರಲ್ಲಿ ಶುರುಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ-ಅಂಗುಳ ಇದೆ. ಹುಟ್ಟಿನಿಂದ 18 ವರ್ಷದವರೆಗೆ ಅನ್ವಯ. ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಕಾಗದದ ಮೇಲೆ ಇದು ದವಡೆಯ ಬೆಳವಣಿಗೆಗೆ ಹೇಳಿ ಮಾಡಿಸಿದಂತಿದೆ. ಆದರೆ ಮಾರ್ಗಸೂಚಿಯ ಪ್ರಕಾರ ತಂಡದಲ್ಲಿರೋದು ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಔಷಧ ವಿತರಕ. ಹಲ್ಲಿನ ವೈದ್ಯರು ಇಲ್ಲ. ತುಟಿ ಸೀಳಿದ ಕೂಸನ್ನು ಯಾರಾದರೂ ಗುರುತಿಸಬಹುದು. ತುಟಿ ಕೂಡಿದ ಎಂಟು ವರ್ಷದ ಹುಡುಗಿಯ ಹಿಂದೆ ಬಿದ್ದ ದವಡೆಯನ್ನು ಗುರುತಿಸಲು ಯಾರಾದರೂ ಹೇಳಿಕೊಡಬೇಕು. ಕಷ್ಟದ ಪಾಠವೇನಲ್ಲ. ಬಾಯಿ ಮುಚ್ಚಿ ಹಲ್ಲು ಕಚ್ಚಿಸಿ, ಮೇಲಿನ ಮುಂಭಾಗದ ಹಲ್ಲು ಹೊರಗಿದೆಯಾ ಒಳಗಿದೆಯಾ ನೋಡಿದರೆ ಸಾಕು.

ಬ್ರಿಟನ್ 1998ರಲ್ಲಿ ಮಾಡಿದ್ದು ಹೆಚ್ಚೂಕಡಿಮೆ ಇದನ್ನೇ. ಐದು ವರ್ಷದ ಮಕ್ಕಳ ಹಲ್ಲಿನ ಅಚ್ಚು ತೆಗೆದು ದವಡೆ ಹೇಗೆ ಬೆಳೆದಿದೆ ಅಂತ ದೇಶದ ಮಟ್ಟದಲ್ಲಿ ಅಳೆದರು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳ ಫಲಿತಾಂಶ ಕಳಪೆ. 57 ಕಡೆ ಚದುರಿದ್ದ ಚಿಕಿತ್ಸೆಯನ್ನು ಕೆಲವೇ ದೊಡ್ಡ ಕೇಂದ್ರಗಳಿಗೆ ತಂದರು. 2015ರ ವರದಿಯ ಹೊತ್ತಿಗೆ ಕಳಪೆ ಅನ್ನಿಸಿಕೊಂಡವರು ಐವರಲ್ಲಿ ಒಬ್ಬರು. ಅವರು ಎಣಿಸಿದ್ದು ಆಪರೇಷನ್‌ಗಳನ್ನಲ್ಲ, ದವಡೆಗಳನ್ನು.

ಮಾಹಿತಿ ಹಕ್ಕು ಅರ್ಜಿ ಹಾಕುವ ಅಭ್ಯಾಸ ಇರುವ ಓದುಗರು ಇಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಜಿಲ್ಲೆಯ ಆರೋಗ್ಯಾಧಿಕಾರಿಗೆ ಒಂದು ಪ್ರಶ್ನೆ ಕೇಳಿ: ಈ ಕಾರ್ಯಕ್ರಮದಡಿ ಶುರುವಿನಿಂದ ಈವರೆಗೆ ಸೀಳುತುಟಿ-ಅಂಗುಳ ಅಂತ ದಾಖಲಾದ ಮಕ್ಕಳಲ್ಲಿ ಎಷ್ಟು ಜನರನ್ನು ಎಂಟರಿಂದ ಹನ್ನೊಂದನೇ ವಯಸ್ಸಿನ ನಡುವೆ ದಂತವೈದ್ಯರು ಮತ್ತೆ ನೋಡಿದ್ದಾರೆ? ಎಷ್ಟು ಜನರಿಗೆ ಒಸಡಿನ ಸೀಳಿಗೆ ಮೂಳೆ ತುಂಬಲಾಗಿದೆ? ಎಷ್ಟು ಆಪರೇಷನ್ ಆಯ್ತು ಅಂತ ಮಾತ್ರ ಉತ್ತರ ಬಂದರೆ, ಮೇಲ್ಮನವಿ ಹಾಕಿ. 2013ರಲ್ಲಿ ಕೂಸಾಗಿ ಆ ಪಟ್ಟಿ ಸೇರಿದವರು ಈಗ ಹನ್ನೊಂದು ದಾಟಿದ್ದಾರೆ.