ಚಾವಣಿಯಲ್ಲಿ ಹುದುಗಿಸುವ ದೀಪಗಳು: ಆಯ್ಕೆಗೆ ಮುನ್ನ ಅರಿಯಬೇಕಾದುದು

ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹೋದುದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರು, ಮೈಸೂರುಗಳಿಗೆ ಆ ಬೆಳಕು ಬಂದುದು ಆನಂತರ. ನಮ್ಮ ಹಿರಿಯರು ತೊಟ್ಟಿಮನೆಗಳಲ್ಲಿ ಒಂದೆರಡು ಬಲ್ಬುಗಳಿಂದಲೇ ತೃಪ್ತರಾಗಿದ್ದರು. ಇಂದು ಮೈಸೂರಿನ ಹೊಸ ಬಡಾವಣೆಗಳ ಗೃಹಪ್ರವೇಶಗಳಿಗೆ ಹೋದಾಗ ಪ್ರತಿ ಕೋಣೆಯಲ್ಲಿಯೂ ಫಾಲ್ಸ್ ಸೀಲಿಂಗ್, ಅದರಲ್ಲಿ ಸಾಲುಸಾಲಾಗಿ ಹುದುಗಿಸಿದ ಎಲ್‌ಇಡಿ ದೀಪಗಳನ್ನು ಕಾಣುತ್ತೇವೆ. ನೋಟಕ್ಕೆ ಚೆಂದವೇ. ಆದರೆ ಅವು ಕಣ್ಣಿಗೆ, ನಿದ್ರೆಗೆ, ವಿಶೇಷವಾಗಿ ವೃದ್ಧರಿಗೆ ಹಿತವೇ ಎಂಬುದನ್ನು ಯೋಚಿಸುವವರು ವಿರಳ.

ಕುವೆಂಪುನಗರದ ನಮ್ಮ ಪರಿಚಿತರ ಮನೆಯೊಂದರಲ್ಲಿ ಎಪ್ಪತ್ತು ದಾಟಿದ ತಾಯಿಯವರ ಕೋಣೆಗೆ 12 ವ್ಯಾಟಿನ ಎಂಟು ದೀಪಗಳನ್ನು ಅಳವಡಿಸಿದ್ದರು. ಎಲ್ಲಕ್ಕೂ ಒಂದೇ ಸ್ವಿಚ್ಚು, ಬೆಳಕು ಅಚ್ಚಬಿಳುಪು. “ದೀಪ ಹಾಕಿದರೆ ಕಣ್ಣು ಚುಚ್ಚುತ್ತೆ ಕಣಪ್ಪಾ, ಕತ್ತಲೇ ವಾಸಿ” ಎಂದು ಅವರು ಮಗನಿಗೆ ಹೇಳುತ್ತಲೇ ಇದ್ದರು. ಒಂದು ರಾತ್ರಿ ದೀಪ ಹಾಕದೆಯೇ ಬಚ್ಚಲಿಗೆ ಹೊರಟು, ಹೊಸ್ತಿಲಲ್ಲಿ ಎಡವಿ ಬಿದ್ದರು. ಕೈ ಮುರಿಯಿತು. ಬೆಳಕು ಕಡಿಮೆಯಾಗಿ ಅಲ್ಲ, ಅತಿಯಾಗಿ ಆದ ಅವಘಡವಿದು.

ಕಣ್ಣು ಕುಕ್ಕುವುದೇಕೆ?

ವಯಸ್ಸಾದಂತೆ ಕಣ್ಣಿನ ಮಸೂರವು ಮಬ್ಬಾಗಿ ಹಳದಿಗಟ್ಟುತ್ತದೆ. ಆದುದರಿಂದ ಓದಲು, ನಡೆಯಲು ವೃದ್ಧರಿಗೆ ಯುವಕರಿಗಿಂತ ಹೆಚ್ಚು ಬೆಳಕು ಬೇಕು. ಆದರೆ ಪೊರೆ ಬರುತ್ತಿರುವ ಕಣ್ಣಿನೊಳಗೆ ತೀಕ್ಷ್ಣ ಬೆಳಕು ಚದುರಿ, ನೋಟವನ್ನೇ ಮಸುಕುಗೊಳಿಸುತ್ತದೆ. ಅವರಿಗೆ ಬೆಳಕು ಸಾಕಷ್ಟಿರಬೇಕು, ಬೆಳಕಿನ ಮೂಲ ಮಾತ್ರ ಕಣ್ಣಿಗೆ ನೇರವಾಗಿ ಬೀಳಬಾರದು. ದಸರೆಯಲ್ಲಿ ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳನ್ನು ಎಷ್ಟು ಹೊತ್ತು ನೋಡಿದರೂ ಕಣ್ಣು ನೋಯುವುದಿಲ್ಲ. ಅವು ಒಂದೊಂದೂ ಕಿರಿದು, ಬೆಳಕು ಹೊಂಬಣ್ಣ. ಮಂಚದ ಮೇಲೆ ಮಲಗಿ ಚಾವಣಿಯನ್ನೇ ನೋಡುವವರಿಗೆ ಮಾತ್ರ ನೆತ್ತಿಯ ಮೇಲಿನ ಒಂದೇ ಪ್ರಖರ ದೀಪವೂ ಹಿಂಸೆ.

ಆದುದರಿಂದ ದೀಪದ ಮುಖವು ಚಾವಣಿಯ ಮಟ್ಟಕ್ಕಿಂತ ಒಳಗೆ ಸರಿದಿರುವ ಮಾದರಿ, ಇಲ್ಲವೇ ಹಾಲುಬಿಳುಪಿನ ಮುಚ್ಚಳವಿರುವ ಮಾದರಿ ಲೇಸು. ಅಂಗಡಿಯಲ್ಲಿ ದೀಪವನ್ನು ಕೈಯಲ್ಲಿ ಹಿಡಿದು ನೋಡಿದರೆ ಸಾಲದು. ತಲೆಯ ಮೇಲೆ ಉರಿಸಿಸಿ, ಕುರ್ಚಿಯಲ್ಲಿ ಒರಗಿ ಕುಳಿತು ನೋಡಬೇಕು.

ಬೆಳಕಿನ ಬಣ್ಣ

ಪೆಟ್ಟಿಗೆಯ ಮೇಲೆ ಕೆಲ್ವಿನ್ ಎಂಬ ಅಳತೆ ಇರುತ್ತದೆ. 2700ರಿಂದ 3000 ಕೆಲ್ವಿನ್ ಹೊಂಬಣ್ಣದ ಬೆಳಕು. 4000 ಸಾಧಾರಣ ಬಿಳುಪು. 6500 ಹಗಲಿನಂತಹ ನೀಲಿಬಿಳುಪು. ಬಿಳಿ ಎಲ್‌ಇಡಿಯೊಳಗೆ ಮೂಲತಃ ಉರಿಯುವುದು ನೀಲಿ ಬೆಳಕೇ. ಅದರ ಮೇಲಿನ ಹಳದಿ ಲೇಪವು ಅದನ್ನು ಬಿಳಿಯಾಗಿಸುತ್ತದೆ. ಆ ನೀಲಿ ದೀಪವನ್ನು ಸಾಧ್ಯವಾಗಿಸಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ಕೆಲ್ವಿನ್ ಹೆಚ್ಚಿದಂತೆ ನೀಲಿಯ ಅಂಶ ಹೆಚ್ಚು. ರಾತ್ರಿಯ ವೇಳೆ ನೀಲಿ ಬೆಳಕು ಕಣ್ಣಿಗೆ ಬಿದ್ದರೆ ಮಿದುಳು ಅದನ್ನು ಹಗಲೆಂದೇ ಎಣಿಸಿ, ನಿದ್ರೆಗೆ ನೆರವಾಗುವ ಮೆಲಟೋನಿನ್ ಎಂಬ ಸ್ರಾವವನ್ನು ತಗ್ಗಿಸುತ್ತದೆ. ಆದ್ದರಿಂದ ಮಲಗುವ ಕೋಣೆ, ನಡುಮನೆಗಳಿಗೆ 2700–3000. ಅಡುಗೆಮನೆ ಹಾಗೂ ಮಕ್ಕಳು ಓದುವ ಮೇಜಿಗೆ 4000 ಸೂಕ್ತವೆಂಬುದು ನಮ್ಮ ಅಭಿಪ್ರಾಯ.

ಎಷ್ಟು ದೀಪ, ಎಲ್ಲಿ?

ವ್ಯಾಟ್ ಎಂಬುದು ವಿದ್ಯುತ್ತಿನ ಖರ್ಚಿನ ಲೆಕ್ಕ. ಬೆಳಕಿನ ಲೆಕ್ಕ ಲ್ಯೂಮೆನ್. ಒಳ್ಳೆಯ ಎಲ್‌ಇಡಿಯಿಂದ ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ದೊರೆಯುತ್ತದೆ. 12 ಅಡಿ ಉದ್ದಗಲದ ಮಲಗುವ ಕೋಣೆಗೆ 6 ಅಥವಾ 7 ವ್ಯಾಟಿನ ನಾಲ್ಕು ದೀಪಗಳು ಸಾಮಾನ್ಯವಾಗಿ ಸಾಕು. ಓದುವುದಕ್ಕೆ ಪ್ರತ್ಯೇಕ ಮೇಜುದೀಪವಿರಲಿ.

ದೀಪಗಳು ಮಂಚದ ತಲೆದಿಂಬಿನ ನೇರಕ್ಕೆ ಬಾರದಿರಲಿ. ಫ್ಯಾನಿನ ರೆಕ್ಕೆಗಳ ಮೇಲ್ಭಾಗಕ್ಕೂ ಬರಬಾರದು. ಬಂದರೆ ರೆಕ್ಕೆಯ ನೆರಳು ಕೋಣೆಯೆಲ್ಲ ಮಿಣುಕಾಡಿ ತಲೆನೋವು ತರುತ್ತದೆ. ಅಡುಗೆಮನೆಯಲ್ಲಿ ನಮ್ಮ ಬೆನ್ನ ಹಿಂದೆ ದೀಪವಿದ್ದರೆ ಹೆಚ್ಚುವ ತರಕಾರಿಯ ಮೇಲೆ ನಮ್ಮದೇ ನೆರಳು. ಅದು ಕಟ್ಟೆಯ ಅಂಚಿನ ನೇರಕ್ಕಿರಬೇಕು.

ಪೂಜೆಯ ಕೋಣೆಯ ವಿಚಾರ ನಮ್ಮ ಓದುಗರಿಗೆ ಮುಖ್ಯವಾದುದು. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ದೃಷ್ಟಿ ನಿಲ್ಲಿಸುವಾಗ, ನೆತ್ತಿಯ ಮೇಲಿನ ತೀಕ್ಷ್ಣ ದೀಪವು ಲಿಂಗದ ನುಣುಪಾದ ಕಪ್ಪು ಕಂತೆಯಲ್ಲಿ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಗೋಡೆಯ ಬದಿಯಿಂದ ಹರಡಿ ಬರುವ ಮಂದ ಹೊಂಬೆಳಕೇ ಸಾಕು.

ಕೊಳ್ಳುವಾಗ

ಭಾರತೀಯ ಮಾನಕ ಬ್ಯೂರೋದ ಗುರುತನ್ನೂ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನೂ ನೋಡಬೇಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಕಳಪೆ ಡ್ರೈವರ್ ಇರುವ ದೀಪವು ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಬರಿಗಣ್ಣಿಗೆ ತೋರದಿದ್ದರೂ ಕೆಲವರಿಗೆ ಕಣ್ಣುಬಳಲಿಕೆ, ತಲೆನೋವು ಬರುವುದುಂಟು. ಮೊಬೈಲಿನ ಕ್ಯಾಮೆರಾದಲ್ಲಿ ದೀಪವನ್ನು ನೋಡಿದಾಗ ಪಟ್ಟೆಪಟ್ಟೆಯಾಗಿ ಕಂಡರೆ ಅದನ್ನು ಬಿಡುವುದು ಲೇಸು. ಬೆಳಕು ತಗ್ಗಿಸುವ ಡಿಮ್ಮರ್ ಬೇಕಿದ್ದರೆ ದೀಪವೂ ಅದಕ್ಕೆ ಹೊಂದುವಂಥದ್ದೇ ಆಗಿರಬೇಕು. ಎಲ್‌ಇಡಿಯ ಆಯುಸ್ಸನ್ನು ಕುಂದಿಸುವುದು ಶಾಖ. ಆದುದರಿಂದ ದೀಪದ ಮೇಲ್ಗಡೆ ಗಾಳಿಯಾಡಲು ಎಡೆ ಬಿಟ್ಟಿರುವುದನ್ನು ಖಚಿತಪಡಿಸಿಕೊಂಡು, ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರೀಷಿಯನ್ನರಿಂದಲೇ ಮಾಡಿಸಬೇಕು.

ಕುವೆಂಪುನಗರದ ಆ ಮನೆಯವರು ಈಗ ತಾಯಿಯವರ ಕೋಣೆಯಲ್ಲಿ ನಾಲ್ಕು ದೀಪಗಳನ್ನು ಮಾತ್ರ ಉಳಿಸಿ, ಹೊಂಬಣ್ಣದವನ್ನು ಹಾಕಿಸಿ, ಎರಡು ಸ್ವಿಚ್ಚುಗಳಿಗೆ ಹಂಚಿದ್ದಾರೆ. ಮಂಚದಿಂದ ಬಚ್ಚಲಿನವರೆಗೆ ಗೋಡೆಯ ಬುಡದಲ್ಲಿ ರಾತ್ರಿಯಿಡೀ ಉರಿಯುವ ಪುಟ್ಟ ದೀಪಗಳಿವೆ. ಕೈ ಕೂಡಿಕೊಂಡ ಆ ತಾಯಿ ಈಗ ಕತ್ತಲಲ್ಲಿ ನಡೆಯುವುದಿಲ್ಲ.

ಮನೆ ಕಟ್ಟಿಸುವ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ: ಚಾವಣಿಗೆ ರಂಧ್ರ ಕೊರೆಯಿಸುವ ಮುನ್ನ ಮನೆಯ ಹಿರಿಯರನ್ನು ಆ ಕೋಣೆಯಲ್ಲಿ ಒಮ್ಮೆ ಕೂರಿಸಿ, ಮಲಗಿಸಿ, ಅವರಿಗೆ ಹಿತವಾದುದನ್ನು ಕೇಳಿ ತಿಳಿಯಿರಿ.