ಬಿಳಿ ಪದರದ ಬರಹ

ರಕ್ತ ತುಂಬಿದ ನಳಿಕೆಯನ್ನು ಯಂತ್ರಕ್ಕಿಟ್ಟು ಗಿರ್ರನೆ ತಿರುಗಿಸಿದರೆ ಅದು ಮೂರು ಪದರವಾಗಿ ನಿಲ್ಲುತ್ತದೆ. ತಳದಲ್ಲಿ ಕಡುಗೆಂಪು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ, ನಡುವೆ ಹಾಲಿನ ಕೆನೆಗಿಂತ ತೆಳುವಾದ ಒಂದು ಬಿಳಿ ಗೆರೆ. ಜೀನೋಮ್ ಓದುವವರಿಗೆ ಬೇಕಾದದ್ದು ಆ ಗೆರೆ. ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವೇ ಇಲ್ಲ, ಹಾಗಾಗಿ ಡಿಎನ್‌ಎಯೂ ಇಲ್ಲ. ಇರುವುದು ಬಿಳಿ ಕಣಗಳಲ್ಲಿ. ಅವನ್ನು ಒಡೆದು, ತೊಳೆದು, ತಣ್ಣನೆಯ ಆಲ್ಕೋಹಾಲ್ ಸುರಿದರೆ ಹತ್ತಿಯ ಎಳೆಯಂಥದ್ದೊಂದು ಕಾಣಿಸಿಕೊಳ್ಳುತ್ತದೆ. ಮನುಷ್ಯನ 300 ಕೋಟಿ ಅಕ್ಷರಗಳ ಬರಹ ಅದರಲ್ಲಿದೆ.

ಇಂಥ ಬರಹವನ್ನು ದೇಶದ ಉದ್ದಗಲದಿಂದ ಕೂಡಿಹಾಕಿದ ಯೋಜನೆಯೇ ‘ಜೀನೋಮ್ ಇಂಡಿಯಾ’. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ 2020ರಲ್ಲಿ ಶುರುವಾದ ಈ ಕೆಲಸಕ್ಕೆ 20 ಸಂಸ್ಥೆಗಳು ಕೈಜೋಡಿಸಿದವು. ಮುಂದಾಳತ್ವ ಬೆಂಗಳೂರಿನದು. ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ‘ಸೆಂಟರ್ ಫಾರ್ ಬ್ರೇನ್ ರಿಸರ್ಚ್’ ಅದನ್ನು ಹೊತ್ತು ನಡೆಸಿತು. ಬುಡಕಟ್ಟುಗಳೂ ಸೇರಿದಂತೆ 80ಕ್ಕೂ ಹೆಚ್ಚು ಸಮುದಾಯಗಳಿಂದ ಸುಮಾರು 20,000 ಮಂದಿಯ ರಕ್ತ ಸಂಗ್ರಹವಾಯಿತು. ಅದರಲ್ಲಿ 10,000 ಮಂದಿಯ ಇಡೀ ಜೀನೋಮನ್ನು ಓದಲಾಯಿತು. 2025ರ ಜನವರಿ 9ರಂದು ಆ ಮಾಹಿತಿ ಸಂಶೋಧಕರಿಗೆ ಮುಕ್ತವಾಯಿತು.

ಇಷ್ಟೊಂದು ಜನ ಯಾಕೆ ಬೇಕು? ಕುಡಗೋಲು ಕಣದ ರಕ್ತಹೀನತೆಯಂಥ ರೋಗಕ್ಕೆ ಒಂದೇ ಅಕ್ಷರದ ತಪ್ಪು ಸಾಕು. ಒಂದು ಕುಟುಂಬವನ್ನು ಪರೀಕ್ಷಿಸಿದರೂ ಸುಳಿವು ಸಿಕ್ಕೀತು. ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗ, ಮರೆವಿನ ಕಾಯಿಲೆಗಳ ಜಾತಿಯೇ ಬೇರೆ. ನೂರಾರು ಜಾಗಗಳಲ್ಲಿನ ಪುಟ್ಟ ಪುಟ್ಟ ವ್ಯತ್ಯಾಸಗಳು ಹನಿಗೂಡಿ ಹಳ್ಳವಾಗುತ್ತವೆ. ಊಟ, ನಿದ್ದೆ, ದುಡಿಮೆ, ವಯಸ್ಸೂ ಅದಕ್ಕೆ ಬಂದು ಸೇರುತ್ತವೆ. ಒಂದೊಂದು ಹನಿಯನ್ನೂ ಗುರುತಿಸಬೇಕಾದರೆ ಸಾವಿರಾರು, ಲಕ್ಷಾಂತರ ಜನರ ಬರಹವನ್ನು ಅವರ ಆರೋಗ್ಯದ ದಾಖಲೆಯ ಪಕ್ಕದಲ್ಲಿಟ್ಟು ತಾಳೆ ನೋಡಬೇಕು. ಬ್ರಿಟನ್ನಿನ ‘ಯುಕೆ ಬಯೋಬ್ಯಾಂಕ್’ ಐದು ಲಕ್ಷ ಜನರನ್ನು ಸೇರಿಸಿಕೊಂಡದ್ದು ಇದಕ್ಕೇ.

ಹೀಗೆ ತಾಳೆ ನೋಡಿದ್ದರಿಂದ ಔಷಧಿ ಹುಟ್ಟಿದ್ದೂ ಉಂಟು. ‘ಪಿಸಿಎಸ್‌ಕೆ9’ ಎಂಬ ಜೀನ್ ಅತಿಯಾಗಿ ಕೆಲಸ ಮಾಡಿದರೆ ಕೊಲೆಸ್ಟೆರಾಲ್ ಏರುತ್ತದೆಂದು 2003ರಲ್ಲಿ ಫ್ರಾನ್ಸಿನ ಕುಟುಂಬಗಳಲ್ಲಿ ಗೊತ್ತಾಗಿತ್ತು. ಹಾಗಾದರೆ ಅದು ಕೆಟ್ಟು ಕೂತವರ ಗತಿ? ಅಮೆರಿಕದ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಅಂಥವರನ್ನು ಹುಡುಕಿದರು. ಈ ಜೀನ್‌ನ ಒಂದು ಪ್ರತಿ ನಿಂತುಹೋಗಿದ್ದ ಕಪ್ಪು ಜನಾಂಗದವರಲ್ಲಿ ಕೆಟ್ಟ ಕೊಲೆಸ್ಟೆರಾಲ್ ಶೇ 28ರಷ್ಟು ಕಡಿಮೆಯಿತ್ತು. 15 ವರ್ಷಗಳ ದಾಖಲೆ ತೆಗೆದು ನೋಡಿದರೆ ಹೃದ್ರೋಗದ ಪ್ರಮಾಣ ಶೇ 88ರಷ್ಟು ಇಳಿದಿತ್ತು. ಕೆಟ್ಟ ಜೀನ್ ಹೃದಯ ಕಾಯುತ್ತಿತ್ತು! ಆ ಜೀನ್ ತಯಾರಿಸುವ ಪ್ರೋಟೀನನ್ನು ತಡೆಯುವ ಇಂಜೆಕ್ಷನ್‌ಗಳು 2015ರಲ್ಲಿ ಒಪ್ಪಿಗೆ ಪಡೆದವು. ಫ್ರಾನ್ಸಿನ ಕುಟುಂಬಗಳಲ್ಲಿ ರೋಗ ಕಂಡಿತು, ಮದ್ದಿನ ದಾರಿ ತೋರಿಸಿದ್ದು ಕಪ್ಪು ಜನ. ಒಂದೇ ಬಗೆಯ ಜನರನ್ನು ಓದಿದರೆ ಏನೇನು ತಪ್ಪಿಹೋಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಜಗತ್ತಿನ ಜೀನೋಮ್ ಕಪಾಟಿನಲ್ಲಿ ಈವರೆಗೆ ತುಂಬಿರುವುದು ಹೆಚ್ಚಾಗಿ ಯುರೋಪ್ ಮೂಲದವರದು. ಆ ಅಳತೆಯ ಅಂಗಿ ನಮಗೆ ಕೂರುವುದಿಲ್ಲ. ಹೃದಯದ ಸ್ನಾಯುವಿಗೆ ಸಂಬಂಧಿಸಿದ ‘ಎಂವೈಬಿಪಿಸಿ3’ ಜೀನ್‌ನಲ್ಲಿ 25 ಅಕ್ಷರಗಳು ಬಿಟ್ಟುಹೋದ ದೋಷವೊಂದಿದೆ. ಇದು ದಕ್ಷಿಣ ಏಷ್ಯಾದವರಲ್ಲಿ ಶೇ 4ರಷ್ಟು ಮಂದಿಯಲ್ಲಿದ್ದು, ಹೃದಯ ಸೋಲುವ ಅಪಾಯ ಹೆಚ್ಚಿಸುತ್ತದೆಂದು 2009ರಲ್ಲಿ ಪ್ರಕಟವಾಯಿತು. ಯುರೋಪಿನಲ್ಲಿ ಹುಡುಕಿದ್ದರೆ ಅದು ಸಿಗುತ್ತಲೇ ಇರಲಿಲ್ಲ.

ಇನ್ನೊಂದು ಉದಾಹರಣೆ ಆಪರೇಷನ್ ಥಿಯೇಟರಿನದು. ಅರಿವಳಿಕೆ ಕೊಡುವಾಗ ಸ್ನಾಯು ಸಡಿಲಿಸಲು ಬಳಸುವ ಸಕ್ಸಿನೈಲ್‌ಕೋಲಿನ್ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದನ್ನು ಕರಗಿಸುವ ಕಿಣ್ವ ಇಲ್ಲದವರು ಗಂಟೆಗಟ್ಟಲೆ ತಾವಾಗಿ ಉಸಿರಾಡಲಾರರು. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಈ ಕೊರತೆ ಉಳಿದವರಿಗಿಂತ ಹೆಚ್ಚು. ತಲೆತಲಾಂತರದಿಂದ ಒಳಗೊಳಗೇ ನಡೆದ ಮದುವೆಗಳು ಇದಕ್ಕೆ ಕಾರಣ. ಮೊದಲೇ ಗೊತ್ತಿದ್ದರೆ ವೈದ್ಯರು ಬೇರೆ ಔಷಧಿ ಬಳಸುತ್ತಾರೆ, ಅಷ್ಟೇ. ಸೋದರಮಾವನ ಮನೆ, ಅತ್ತೆಯ ಮನೆ ಎಂದು ಹೆಣ್ಣು–ಗಂಡು ನೋಡುವ ನಮ್ಮ ಸೀಮೆಯಲ್ಲಿ ಇಂಥ ಗುಟ್ಟುಗಳು ಇನ್ನೆಷ್ಟಿವೆಯೋ.

ಯಂತ್ರದ ಕೆಲಸ ಈಗ ಸಲೀಸು. ಡಿಎನ್‌ಎಯನ್ನು ಚೂರು ಚೂರು ಮಾಡಿ, ಒಂದೊಂದು ಜಾಗವನ್ನೂ ಸರಾಸರಿ ಮೂವತ್ತು ಸಲ ಓದಿಸಿ, ಕಂಪ್ಯೂಟರಿನಲ್ಲಿ ಮತ್ತೆ ಜೋಡಿಸುತ್ತಾರೆ. ಮೊದಲ ಮಾನವ ಜೀನೋಮಿಗೆ 13 ವರ್ಷ ಹಿಡಿದಿತ್ತು, ಈಗ ಕೆಲವು ದಿನ ಸಾಕು. ಕಷ್ಟ ಇರುವುದು ರಕ್ತ ಕೊಟ್ಟವರ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸುವುದರಲ್ಲಿ. ಜೀನೋಮ್ ಇಂಡಿಯಾಕ್ಕಿಂತ ಅದನ್ನು ನಡೆಸಿದ ‘ಸೆಂಟರ್ ಫಾರ್ ಬ್ರೇನ್ ರಿಸರ್ಚ್’ನದೇ ಇನ್ನೊಂದು ಅಧ್ಯಯನ ಹೆಚ್ಚು ಕುತೂಹಲ ಹುಟ್ಟಿಸುವುದು ಈ ಕಾರಣಕ್ಕೇ.

ಆ ಅಧ್ಯಯನ ನಡೆಯುತ್ತಿರುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ. ಮಾವಿನ ತೋಪುಗಳ ನಾಡು; ಒಂದೇ ಮನೆಯಲ್ಲಿ ಕನ್ನಡ, ತೆಲುಗು ಎರಡೂ ಕೇಳಿಬರುವ ಸೀಮೆ. 45 ದಾಟಿದ 10,000 ಹಳ್ಳಿಗರನ್ನು ಸೇರಿಸಿಕೊಳ್ಳುವ ಗುರಿ ಅದಕ್ಕಿದೆ. ರಕ್ತಪರೀಕ್ಷೆ, ಎಂಆರ್‌ಐ, ಜೀನ್‌ಗಳ ತಪಾಸಣೆ ಎಲ್ಲವೂ ಉಂಟು; ನೆನಪಿನ ಪರೀಕ್ಷೆಗಳನ್ನು ಓದುಬರಹ ಬಾರದವರಿಗೂ ಒಗ್ಗುವಂತೆ ಮಾರ್ಪಡಿಸಲಾಗಿದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಕಾಗದ–ಪೆನ್ಸಿಲ್ ಕೊಟ್ಟು ಗಡಿಯಾರ ಬರೆಸಿದರೆ ಅಳೆದಂತಾಗುವುದು ಅವಳ ಮರೆವಲ್ಲ, ನಮ್ಮ ದಡ್ಡತನ.

ಸೇರುವಾಗ ಮರೆವಿನ ಕಾಯಿಲೆ ಇಲ್ಲದವರನ್ನೇ ಆರಿಸಿಕೊಳ್ಳುತ್ತಾರೆ. ಮುಂದೆ ಅವರಲ್ಲಿ ಯಾರಿಗೆ ಮರೆವು ಕವಿಯಿತು, ಯಾರಿಗೆ ಕವಿಯಲಿಲ್ಲ ಎಂಬುದು ಗೊತ್ತಾದ ಮೇಲಷ್ಟೇ ಬಿಳಿ ಪದರದ ಬರಹಕ್ಕೆ ಅರ್ಥ ಹಚ್ಚಲು ಸಾಧ್ಯ. ಅಲ್ಲಿಯವರೆಗೆ ಶ್ರೀನಿವಾಸಪುರದ ಆ ಹಿರಿಯರು ಮತ್ತೆ ಮತ್ತೆ ತಪಾಸಣೆಗೆ ಬರುತ್ತಿರಬೇಕು.